ಚೀಲದ ಮೇಲಿನ ಚೀಟಿ

ತಪ್ಪು ಮಾಡೋರು ಒಬ್ಬರು, ಬೈಸಿಕೊಳ್ಳೋರು ಇನ್ನೊಬ್ಬರು. ಇದಕ್ಕೆ ದಾರಿ ಮಾಡಿಕೊಟ್ಟವರ ಪಾಲು ಎಷ್ಟು?

ನಮ್ಮ ಬಾಶೆಟ್ಟಿಹಳ್ಳಿ ಸುತ್ತ ಕಾರ್ಖಾನೆ ಎಷ್ಟೇ ಎದ್ದರೂ ದೊಡ್ಡಬಳ್ಳಾಪುರ ತಾಲ್ಲೂಕಿನ ಹೊಲಗಳಲ್ಲಿ ಇನ್ನೂ ರಾಗಿ ಇದೆ. ಬಿತ್ತನೆ ಬೀಜದ ಚೀಲಕ್ಕೆ ಒಂದು ಚೀಟಿ ಇರುತ್ತೆ: ತಳಿ, ಜಿಪಿಯು-28. ಬೆಂಕಿ ರೋಗ ತಡೆಯೋ ತಳಿ ಅದು. ಅದರೊಳಗೆ ಯಾರಾದರೂ ಬೇರೆ ತಳಿ ಬೆರೆಸಿದರೆ ಕಾಳು ನೋಡಿ ಹೇಳೋಕಾಗಲ್ಲ. ಗೊತ್ತಾಗೋದು ಪೈರು ತೆನೆ ಬಿಟ್ಟ ಮೇಲೆ. ಅಷ್ಟೊತ್ತಿಗೆ ಬೆರೆಸಿದವರು ಎಲ್ಲೋ! 'ಸರಿಯಾಗಿ ಬೇಸಾಯ ಮಾಡಿಲ್ಲ' ಅನ್ನಿಸಿಕೊಳ್ಳೋದು ಬಿತ್ತಿದವರು.

ಜಾವಾದಲ್ಲಿ 2004ರವರೆಗೆ ಇದೇ ಕಥೆ. ಲಿಸ್ಟ್ ಅನ್ನೋ ಚೀಲಕ್ಕೆ ಚೀಟಿಯೇ ಇರಲಿಲ್ಲ. ಹೆಸರು ಹಾಕಿ, ಸಂಖ್ಯೆ ಹಾಕಿ, ಸುಮ್ಮನೆ ನುಂಗೋದು. ತೆಗೆಯುವವರು 'ಇದು ಹೆಸರೇ' ಅಂತ ನಂಬಿ ಕಾಸ್ಟ್ ಮಾಡಬೇಕು. ಸಂಖ್ಯೆ ಸಿಕ್ಕರೆ ಪ್ರೋಗ್ರಾಂ ಓಡುತ್ತಿರುವಾಗಲೇ ಕ್ಲಾಸ್ ಕಾಸ್ಟ್ ಎಕ್ಸೆಪ್ಷನ್. ಆ ವರ್ಷ ಜಾವಾ 5ರ ಜೊತೆ ಜೆನೆರಿಕ್ಸ್ ಬಂತು. ಲಿಸ್ಟಿನಲ್ಲಿ ಇರೋದು ಸ್ಟ್ರಿಂಗ್ ಅಂತ ಮೊದಲೇ ಬರೆದರೆ, ಸಂಖ್ಯೆ ಹಾಕಹೋದವರ ಕೈಯನ್ನು ಕಂಪೈಲರ್ ಅಲ್ಲೇ ಹಿಡಿಯುತ್ತೆ.

ಎಷ್ಟೋ ಜನಕ್ಕೆ ಇದು ಕಿರಿಕಿರಿ. ಟೈಪ್ ಮಿಸ್‌ಮ್ಯಾಚ್ ಅಂತ ಕೆಂಪು ಗೆರೆ ಕಂಡ ಕೂಡಲೇ ಚೀಟಿ ಇಲ್ಲದ ಹಳೇ ಲಿಸ್ಟ್, ಅಂದರೆ ರಾ ಟೈಪ್ ಬಳಸ್ತಾರೆ. ಬಂದ ವಾರ್ನಿಂಗನ್ನೂ ಮುಚ್ಚಿಸ್ತಾರೆ. 'ನಂಗೊತ್ತು ಬಿಡು' ಅನ್ನೋ ಧೈರ್ಯ. ಆದರೆ ಜಾವಾದಲ್ಲಿ ಲಿಸ್ಟಿನ ಈ ಚೀಟಿಯನ್ನು ನೋಡೋದು ಕಂಪೈಲರ್ ಮಾತ್ರ; ಓಡುವ ಹೊತ್ತಿಗೆ ಅದು ಅಳಿಸಿರುತ್ತೆ. ಹಾಗಾಗಿ ತಪ್ಪು ಸಾಮಾನು ಸಲೀಸಾಗಿ ಒಳಗೆ ಹೋಗುತ್ತೆ, ಸಿಡಿಯೋದು ತೆಗೆಯುವ ಸಾಲಿನಲ್ಲಿ. ಸ್ಟ್ಯಾಕ್ ಟ್ರೇಸ್ ತೋರಿಸೋದೂ ಆ ಸಾಲನ್ನೇ. ರಾತ್ರಿ ಎರಡು ಗಂಟೆಗೆ ಫೋನ್ ಬರೋದು, ಸರಿಯಾಗಿ ಕೋಡ್ ಬರೆದವರಿಗೆ.

ಹುಟ್ಟಿದ ಕೂಡಲೇ ಜಾತಿಯ ಚೀಟಿ ಅಂಟಿಸೋ ಊರುಗಳಲ್ಲಿ ಬೆಳೆದ ನಮಗೆ ಚೀಟಿ ಅಂದರೆ ಅನುಮಾನ ಸಹಜ. ಆ ಚೀಟಿ ಬೇರೆಯವರು ನಮ್ಮ ಮೇಲೆ ಹೊರಿಸಿದ್ದು. ಜೆನೆರಿಕ್ಸ್ ಚೀಟಿ ನಾವೇ ಕೊಟ್ಟ ಮಾತು. ಏನು ಬೇಕಾದರೂ ತುಂಬು, ಆದರೆ ಏನು ತುಂಬಿದ್ದೀಯ ಅಂತ ಹೇಳು, ಹೇಳಿದ್ದಕ್ಕೆ ನಿಲ್ಲು. ಇಷ್ಟೇ ಅದು ಕೇಳೋದು.

ಮುಂದಿನ ಸಲ ಕೋಡ್ ರಿವ್ಯೂನಲ್ಲಿ ಬಾಯಿ ಮುಚ್ಚಿಸಿದ ವಾರ್ನಿಂಗ್ ಕಂಡರೆ 'ಕೆಲಸ ಆಗುತ್ತಲ್ಲ' ಅಂತ ಬಿಡಬೇಡಿ. ಇದು ಸಿಡಿದ ದಿನ ಉತ್ತರ ಹೇಳೋರು ಯಾರು ಅಂತ ಒಂದು ಮಾತು ಕೇಳಿ. ಬರೆದವರೇ ಆದರೆ ಅವರಿಷ್ಟ. ಬೇರೆಯವರಾದರೆ, ಆ ಧೈರ್ಯ ಅವರಿಂದ ಕೇಳದೇ ಮಾಡಿದ ಸಾಲ.