ಜೊಂಪಿನ ಹೊತ್ತಿನ ಆತ್ಮಸೂಚನೆ

ಎಚ್ಚರಕ್ಕೂ ನಿದ್ದೆಗೂ ನಡುವೆ ಕೆಲವೇ ನಿಮಿಷಗಳ ಜೊಂಪು ಇರುತ್ತದೆ. ಆಗ ಮಿದುಳಿನ ಆಲ್ಫಾ ಅಲೆಗಳು ಕುಂದಿ ನಿಧಾನಗತಿಯ ಥೀಟಾ ಅಲೆಗಳು ಕಾಣಿಸಿಕೊಳ್ಳುತ್ತವೆ. ರೆಪ್ಪೆಯ ಕೆಳಗೆ ಕಣ್ಣುಗುಡ್ಡೆಗಳು ಮೆಲ್ಲಗೆ ಹೊರಳುತ್ತವೆ, ಒಮ್ಮೊಮ್ಮೆ ಮೈ ಬೆಚ್ಚಿಬೀಳುತ್ತದೆ. ಯೋಚನೆಗಳ ಕೊಂಡಿ ಸಡಿಲಗೊಂಡು, ಕರೆಯದ ಚಿತ್ರಗಳು ತಾವಾಗಿ ಮೂಡುತ್ತವೆ. ಆ ಹೊತ್ತಿನಲ್ಲಿ ತನಗೆ ತಾನೇ ಒಂದು ಮಾತನ್ನು ಹೇಳಿಕೊಂಡು ಮನಸ್ಸಿನಲ್ಲಿ ಊರಿಸುವುದೇ ಜೊಂಪಿನ ಆತ್ಮಸೂಚನೆ ಅಥವಾ ಸ್ವಸಂಮೋಹನ.

ಇದಕ್ಕೆ ಸ್ಪಷ್ಟ ರೂಪ ಕೊಟ್ಟವರು ಫ್ರಾನ್ಸಿನ ಔಷಧ ವ್ಯಾಪಾರಿ ಎಮಿಲ್ ಕೂಯೆ (1857–1926). ನಾನ್ಸಿ ನಗರದ ತಮ್ಮ ಮನೆಗೆ ಬಂದವರಿಗೆ ಅವರು ಹೇಳಿಕೊಡುತ್ತಿದ್ದ ಕ್ರಮ ಬಹಳ ಸರಳ. ಬೆಳಗ್ಗೆ ಎದ್ದೊಡನೆ ಮತ್ತು ರಾತ್ರಿ ನಿದ್ದೆ ಹತ್ತುವ ಮುನ್ನ, ತಾನು ದಿನದಿನಕ್ಕೆ ಸುಧಾರಿಸುತ್ತಿದ್ದೇನೆ ಎಂಬರ್ಥದ ಒಂದೇ ವಾಕ್ಯವನ್ನು 20 ಸಲ ಹೇಳಿಕೊಳ್ಳಬೇಕು. ಎಣಿಕೆಯ ಕಡೆಗೂ ಗಮನ ಹೋಗಬಾರದೆಂದು 20 ಗಂಟು ಹಾಕಿದ ದಾರವನ್ನು ಬೆರಳಲ್ಲಿ ಸರಿಸುತ್ತ ಹೋಗಬೇಕು. ದನಿ ತಗ್ಗಿರಬೇಕು, ಏರಿಳಿತವಿರಬಾರದು.

ದನಿ ತಗ್ಗಿರಬೇಕಾದುದೇಕೆ ಎಂಬುದರಲ್ಲೇ ಈ ತತ್ತ್ವದ ತಿರುಳಿದೆ, ಇಂದಿನ ಪ್ರೇರಣಾ ಭಾಷಣಗಳು ಮರೆಸಿಬಿಟ್ಟಿರುವುದೂ ಇದನ್ನೇ. ಕೂಯೆ ಇಚ್ಛೆಯನ್ನೂ ಕಲ್ಪನೆಯನ್ನೂ ಬೇರೆಬೇರೆಯಾಗಿ ಕಂಡರು. ಎರಡಕ್ಕೂ ಜಗಳವಾದರೆ ಗೆಲ್ಲುವುದು ಯಾವಾಗಲೂ ಕಲ್ಪನೆ, ಇಚ್ಛೆ ಬಲವಾದಷ್ಟೂ ಅದರ ಸೋಲೂ ದೊಡ್ಡದು ಎಂದರು. ಅವರ ಅನುಯಾಯಿ ಶಾರ್ಲ್ ಬೋದ್ವೆಂ ತಮ್ಮ ಪುಸ್ತಕದಲ್ಲಿ ಇದನ್ನು ವಿಲೋಮ ಪ್ರಯತ್ನದ ನಿಯಮವೆಂದು ವಿವರಿಸಿದರು. ಇದಕ್ಕೆ ನಿದ್ದೆಗಿಂತ ಒಳ್ಳೆಯ ಉದಾಹರಣೆ ಸಿಗದು. ಬೆಳಗಿನ ಜಾವದ ರೈಲು ಹಿಡಿಯಬೇಕಾದವನು ಈಗಲೇ ನಿದ್ದೆ ಮಾಡಲೇಬೇಕೆಂದು ಹಟ ಹಿಡಿದು ಮಲಗುತ್ತಾನೆ. ಹಟದ ಜೊತೆಗೇ ನಿದ್ದೆ ಬಾರದಿದ್ದರೆ ಏನು ಗತಿ ಎಂಬ ಕಲ್ಪನೆಯೂ ಹಾಸಿಗೆ ಸೇರುತ್ತದೆ. ಪ್ರಯತ್ನ ಹೆಚ್ಚಿದಷ್ಟೂ ಕಣ್ಣು ನಿಚ್ಚಳವಾಗುತ್ತದೆ. ಕೊನೆಗೆ ಹೋದರೆ ಹೋಗಲಿ ರೈಲು ಎಂದು ಕೈಬಿಟ್ಟ ಗಳಿಗೆಯಲ್ಲಿ ನಿದ್ದೆ ತಾನಾಗಿ ಹತ್ತುತ್ತದೆ. ಅವನ ಇಚ್ಛೆಗೆ ಬಲವಿಲ್ಲದೆ ಹೀಗಾಗಲಿಲ್ಲ. ಬಲ ಹಾಕಿದ್ದರಿಂದಲೇ ಹೀಗಾಯಿತು.

ಜೊಂಪಿನ ಬೆಲೆ ಇರುವುದು ಇಲ್ಲಿ. ಆ ಹೊತ್ತಿನಲ್ಲಿ ಬಲ ಹಾಕುವ ಮನಸ್ಸು ದಣಿದಿರುತ್ತದೆ, ಎದುರಾಡುವ ಮನಸ್ಸೂ ಮಂಕಾಗಿರುತ್ತದೆ. ಹೇಳಿಕೊಂಡ ಮಾತಿಗೆ ತಡೆ ಕಡಿಮೆ. ಆದರೆ ಅದು ಆಜ್ಞೆಯಾದರೆ ಎಚ್ಚರ ಮರಳುತ್ತದೆ, ಪೂರ್ತಿ ಸಡಿಲಬಿಟ್ಟರೆ ನಿದ್ದೆ ಬಂದು ಮಾತೇ ಕಳೆದುಹೋಗುತ್ತದೆ. ಅಭ್ಯಾಸ ಬೇಕಾಗುವುದು ಈ ಸಣ್ಣ ಸಂದಿನಲ್ಲಿ ನಿಲ್ಲುವುದಕ್ಕೆ. ವಾಕ್ಯ ಎಷ್ಟು ಸೊಗಸಾಗಿದೆ ಎಂಬುದು ಗೌಣ.

ಲೇಖಕ ಜೋಸೆಫ್ ಮರ್ಫಿ ಈ ಸೂಕ್ಷ್ಮವನ್ನು ಕೆಡಿಸಿದರು. ಸುಪ್ತಮನಸ್ಸಿನ ಶಕ್ತಿಯ ಕುರಿತ ಅವರ 1963ರ ಪುಸ್ತಕ ಮಲಗುವ ಮುನ್ನ ಐದು ನಿಮಿಷ ಸಂಪತ್ತು ಎಂಬ ಪದವನ್ನು ಮೆಲ್ಲಗೆ ಜಪಿಸಲು ಹೇಳುತ್ತದೆ. ವಿಧಾನ ಕೂಯೆಯದರಂತೆಯೇ ಇದೆ, ಗುರಿ ಮಾತ್ರ ತಪ್ಪಿಹೋಗಿದೆ. ಸೂಚನೆ ತಲುಪಬಲ್ಲದ್ದು ಅದನ್ನು ಹೇಳಿಕೊಳ್ಳುವವರ ಮೈಮನಸ್ಸನ್ನು: ನಿದ್ದೆ, ಉಗುಳು ನುಂಗುವ ತೊಡಕು, ಸಭೆಯೆದುರಿನ ನಡುಕ, ನೋವಿನ ತೀವ್ರತೆ. ಬ್ಯಾಂಕಿನ ಲೆಕ್ಕವಾಗಲಿ, ಇನ್ನೊಬ್ಬರ ಮನಸ್ಸಾಗಲಿ ಅದರ ಎಲ್ಲೆಯೊಳಗಿಲ್ಲ. ಬಡತನಕ್ಕೆ ಬಡವರ ಒಳಮನಸ್ಸೇ ಕಾರಣವೆಂಬ ತೀರ್ಮಾನ ಮರ್ಫಿಯವರ ಮಾತಿನ ಬೆನ್ನಿಗೇ ಬರುತ್ತದೆ. ಇದು ಬರಿಯ ತಪ್ಪಲ್ಲ, ಕ್ರೌರ್ಯ. ರಾತ್ರಿಯಿಡೀ ಕಿವಿಯಲ್ಲಿ ಧ್ವನಿಮುದ್ರಿಕೆ ಹಾಕಿಕೊಂಡು ಮಲಗಿದರೆ ಪಾಠ ತಲೆಗೆ ಇಳಿಯುತ್ತದೆ ಎಂಬ ಮಾರಾಟದ ಮಾತೂ ನಿಲ್ಲುವುದಿಲ್ಲ. ಚಾರ್ಲ್ಸ್ ಸೈಮನ್ ಮತ್ತು ವಿಲಿಯಂ ಎಮನ್ಸ್ 1950ರ ದಶಕದಲ್ಲಿ ಮಿದುಳಿನ ಅಲೆಗಳನ್ನು ದಾಖಲಿಸುತ್ತ ಪರೀಕ್ಷಿಸಿದಾಗ, ನಿಜವಾದ ನಿದ್ದೆಯಲ್ಲಿ ಕೇಳಿಸಿದ್ದು ನೆನಪಿನಲ್ಲಿ ಉಳಿಯಲಿಲ್ಲ.

ಮುಂಗೇರಿನ ಸ್ವಾಮಿ ಸತ್ಯಾನಂದ ಸರಸ್ವತಿ ರೂಪಿಸಿದ ಯೋಗನಿದ್ರೆ ಎಚ್ಚರ ನಿದ್ದೆಗಳ ನಡುವಿನ ಆ ಸಂದನ್ನು ಹೆಚ್ಚು ಗೌರವದಿಂದ ಕಾಣುತ್ತದೆ. ಬಲಗೈ ಹೆಬ್ಬೆರಳಿನಿಂದ ಹಿಡಿದು ಅಂಗಾಂಗಗಳ ಮೇಲೆ ಗಮನ ಹರಿಸುವುದರಿಂದ ನಿದ್ದೆ ದೂರವಿರುತ್ತದೆ, ಮೈ ಮಾತ್ರ ಸಡಿಲುತ್ತದೆ. ಮೊದಲಲ್ಲೂ ಕೊನೆಯಲ್ಲೂ ಒಂದು ಚಿಕ್ಕ ಸಂಕಲ್ಪ. ಕಾಶ್ಮೀರದ ಶೈವ ಗ್ರಂಥ ವಿಜ್ಞಾನಭೈರವ ಇನ್ನೂ ಮುಂದೆ ಹೋಗಿ, ನಿದ್ದೆ ಇನ್ನೂ ಬಾರದೆ ಹೊರಗಿನ ಜಗತ್ತು ಮರೆಯಾದ ಆ ಸ್ಥಿತಿಯನ್ನೇ ಧ್ಯಾನಿಸಲು ಹೇಳುತ್ತದೆ. ಅಲ್ಲಿ ಬೇಡಿಕೆಯೇ ಇಲ್ಲ.

2021ರಲ್ಲಿ ಪ್ಯಾರಿಸ್ಸಿನ ಸಂಶೋಧಕರು ಜೊಂಪನ್ನು ಬೇರೊಂದು ಬಗೆಯಲ್ಲಿ ಅಳೆದರು. ಗುಟ್ಟಾದ ಒಂದು ನಿಯಮ ಅಡಗಿದ್ದ ಲೆಕ್ಕಗಳನ್ನು ಮಾಡಿಸಿ, ನಡುವೆ ವಿರಾಮ ಕೊಟ್ಟರು. ನಿದ್ದೆಯ ಮೊದಲ ಹಂತದಲ್ಲಿ ಕನಿಷ್ಠ 15 ಸೆಕೆಂಡು ಕಳೆದವರಲ್ಲಿ 83 ಪ್ರತಿಶತ ಮಂದಿಗೆ ಆ ನಿಯಮ ಹೊಳೆಯಿತು, ಎಚ್ಚರವಿದ್ದವರಲ್ಲಿ 30 ಪ್ರತಿಶತಕ್ಕೆ ಮಾತ್ರ. ಆಳವಾದ ನಿದ್ದೆಗೆ ಜಾರಿದವರು ಈ ಲಾಭ ಕಳೆದುಕೊಂಡರು. ಜೊಂಪಿಗೆ ಮುನ್ನ ಅವರೆಲ್ಲ ಅದೇ ಲೆಕ್ಕಗಳಲ್ಲಿ ತಲೆ ಓಡಿಸಿದ್ದರು. ಹೊಳೆದದ್ದೂ ಕಣ್ಣು ತೆರೆದ ತಕ್ಷಣವಲ್ಲ, ಮತ್ತೆ ಕುಳಿತು ಲೆಕ್ಕ ಮಾಡುತ್ತ ಹೋದ ಮೇಲೆ.