ಎರಡೂರಿನ ಮಕ್ಕಳು

ಮಳೆ ಕೈಕೊಟ್ಟ ವರ್ಷ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹಳ್ಳಿಗಳಿಂದ ಗುಳೆ ಹೋಗುವುದು ಹೊಸದೇನಲ್ಲ. 1961ರಲ್ಲಿ ಗೋವಾ ವಿಮೋಚನೆಯಾದ ಮೇಲೆ ಅಲ್ಲಿಯ ರಸ್ತೆ, ಕಟ್ಟಡ, ಬಂದರಿನ ಕೆಲಸಕ್ಕೆ ಈ ಸೀಮೆಯ ಅನೇಕರು ಹೋದರು. ವಾಸ್ಕೋದ ಬಾಯ್ನಾ, ಝುವಾರಿನಗರಗಳಲ್ಲಿ ನೆಲೆನಿಂತರು. 2011ರ ಜನಗಣತಿಯಲ್ಲಿ ಗೋವಾದ ನೂರು ಜನರಲ್ಲಿ ನಾಲ್ವರಿಗಿಂತ ಹೆಚ್ಚು ಮಂದಿ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದ್ದಾರೆ.

ಹೋದವರ ಕಷ್ಟ ನಮಗೆ ಗೊತ್ತು. ಅಲ್ಲೇ ಹುಟ್ಟಿದ ಮಕ್ಕಳ ಕಷ್ಟ ಬೇರೆ. ಕೊಂಕಣಿಯಲ್ಲೇ ಜಗಳವಾಡಿ, ಕೊಂಕಣಿಯಲ್ಲೇ ರಾಜಿಯಾಗುವ ಹುಡುಗನನ್ನೂ ಅಲ್ಲಿ ಕೆಲವರು 'ಘಾಂಟಿ' ಎನ್ನುತ್ತಾರೆ. ಘಟ್ಟದ ಮೇಲಿನವನು ಎಂಬುದು ಮೂಲ ಅರ್ಥ. ಕೂಲಿಯವನು, ಕೊಳಕ ಎಂಬುದು ಬಳಕೆಯ ಅರ್ಥ. ಬಿ.ಕಾಂ. ಮುಗಿಸಿ ಆಫೀಸಿನಲ್ಲಿ ಲೆಕ್ಕ ಬರೆಯುತ್ತಿದ್ದರೂ ಆ ಮಾತು ತಪ್ಪದು. ಜಾತ್ರೆಗೆಂದು ಊರಿಗೆ ಬಂದರೆ ಇಲ್ಲಿ ಇನ್ನೊಂದು ಹೆಸರು ಕಾದಿರುತ್ತದೆ: 'ಗೋವಾದವ'. ಅವನ ಕನ್ನಡ ಕೇಳಿ ನಗುವವರುಂಟು. ಕುಡಿಯುತ್ತಾನೆ, ಹಿರಿಯರಿಗೆ ಬೆಲೆ ಕೊಡುವುದಿಲ್ಲ ಎಂದು ವಿಚಾರಿಸದೆಯೇ ತೀರ್ಮಾನಿಸುವವರೂ ಉಂಟು.

ಇದು ಬರೀ ತಮಾಷೆಯೇ? ಸಾಕಷ್ಟು ಆಧಾರವಿಲ್ಲದೆ ಪರರಲ್ಲಿ ದೋಷವನ್ನು ನಂಬುವುದು ಎಂಟನೆಯ ಆಜ್ಞೆಗೆ ವಿರುದ್ಧವೆಂದು ಧರ್ಮಸಭೆ ಬೋಧಿಸುತ್ತದೆ. ಸುಳ್ಳುಸಾಕ್ಷಿಯ ಸಾಲಿನಲ್ಲೇ ಅದನ್ನು ಇಡುತ್ತದೆ. ಊರಿನ ಹೆಸರು ಕೇಳಿ ಮನುಷ್ಯನ ಗುಣ ಹೇಳುವುದು ಅದೇ ಅಲ್ಲವೇ? ಹುಟ್ಟಿನಿಂದ ಯಾರನ್ನೂ ಅಳೆಯಬಾರದೆಂದು ಸಾರಿದ ಬಸವಣ್ಣನವರ ಸೀಮೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಿದ್ಯಾನಿನಲ್ಲಿ ಹುಟ್ಟಿದ ಮಗನಿಗೆ ಮೋಶೆ ಗೇರ್ಷೋಮ್ ಎಂದು ಹೆಸರಿಟ್ಟ ಪ್ರಸಂಗ ವಿಮೋಚನಕಾಂಡದಲ್ಲಿದೆ. ತಾನು ಪರದೇಶಿಯಾದ ನೆನಪನ್ನು ಮೋಶೆ ಆ ಹೆಸರಿನಲ್ಲಿ ಉಳಿಸಿದ. ಆದರೆ ಪರದೇಶಿ ತಂದೆಯೇ ಹೊರತು ಮಗನಲ್ಲ. ಮಗನಿಗೆ ಮಿದ್ಯಾನೇ ಹುಟ್ಟೂರು, ತಾಯಿಯ ತವರು. ಆದರೂ ತಂದೆಯ ಅನುಭವವನ್ನು ಜೀವನವಿಡೀ ಹೆಸರಾಗಿ ಹೊತ್ತವನು ಅವನು.

ಪ್ರಿಯ ತಂದೆತಾಯಿಗಳೇ, ಮಕ್ಕಳಿಗೆ ಕನ್ನಡ ಕಲಿಸೋಣ. ಅಜ್ಜಿಯ ಕಥೆ, ಜೋಳದ ರೊಟ್ಟಿಯ ರುಚಿ ಕೊಡೋಣ. ಅದು ಅವರಿಗೆ ಆಸ್ತಿಯಾಗಲಿ, ಪರೀಕ್ಷೆಯಾಗದಿರಲಿ. ಮನೆಯಲ್ಲಿ ಕೊಂಕಣಿ ಆಡಿದ ಮಗನನ್ನು 'ನೀನು ನಮ್ಮವನೇ ಅಲ್ಲ' ಎಂದು ಗದರುವ ತಂದೆಗೂ, ಬೀದಿಯಲ್ಲಿ ಅವನನ್ನು ಘಾಂಟಿ ಎಂದವನಿಗೂ ಏನು ವ್ಯತ್ಯಾಸ? ಇಬ್ಬರೂ ಹುಡುಗನನ್ನು ನೋಡಲಿಲ್ಲ. ಅವನು ಎರಡು ನುಡಿಗಳನ್ನು ಬಲ್ಲವನೆಂಬುದು ಇಬ್ಬರಿಗೂ ಕಾಣಲಿಲ್ಲ.

ಈ ಸಲ ಜಾತ್ರೆಗೆ ಬಂದವನನ್ನು "ನೀ ಯಾವೂರಾಂವ?" ಎಂದು ಕೇಳುವ ಮೊದಲು "ಊಟ ಆತೇನೋ ತಮ್ಮಾ? ಏನ್ ಮಾಡಾಕತ್ತಿ ಈಗ?" ಎಂದು ಕೇಳೋಣ. ತಾನು ಯಾರೆಂಬುದನ್ನು ಅವನೇ ಹೇಳಲಿ.