ಮೂಲೆಯ ದೇವರು, ಸೂರಿನ ಲೋಟ

ಪೇಗನ್ ಅಂದರೆ ಹಳ್ಳಿಯವನು. ಲ್ಯಾಟಿನ್ನಿನ ‘ಪಗಾನುಸ್’ ಅನ್ನೋ ಪದದ ಹಳೆಯ ಅರ್ಥ ಅಷ್ಟೇ. ಆಮೇಲೆ ರೋಮಿನ ಕ್ರೈಸ್ತರು ಹಳೇ ದೇವರುಗಳನ್ನು ಬಿಡದವರಿಗೆಲ್ಲ ಅದೇ ಹೆಸರಿಟ್ಟರು. ಇದನ್ನು ನನಗೆ ಹೇಳಿದ್ದು ಮಿನಿಯಾಪೊಲಿಸ್ ಆಫೀಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದ ಡೇಟಾಬೇಸ್ ಅಡ್ಮಿನ್. “ಹಾಗಾದರೆ ನಾನು ಹುಟ್ಟಾ ಪೇಗನ್, ನಾಗಮಂಗಲ ತಾಲ್ಲೂಕು” ಅಂದೆ. ಆಕೆಗೆ ತಾಲ್ಲೂಕು ಅರ್ಥವಾಗಲಿಲ್ಲ, ಜೋಕು ಅರ್ಥವಾಯಿತು.

ಆಕೆ ನಲವತ್ತು ದಾಟಿದವರು, ಮೂಲತಃ ಲೂಥರನ್ ಮನೆತನ, ಈಗ ಪೇಗನ್. ಆ ಊರಲ್ಲಿ ಇದು ಅಂಥಾ ವಿಚಿತ್ರವೇನಲ್ಲ. ಮಿನಿಯಾಪೊಲಿಸ್, ಸೇಂಟ್ ಪಾಲ್ ಅವಳಿ ನಗರಗಳಿಗೆ ಅಲ್ಲಿನ ಪೇಗನ್ನರು ತಮಾಷೆಗೆ ‘ಪೇಗನಿಸ್ತಾನ್’ ಅಂತಲೇ ಕರೆದುಕೊಳ್ಳುತ್ತಾರೆ. ಮಾಟ, ಜ್ಯೋತಿಷ್ಯ, ಹಳೇ ದೇವರುಗಳ ಪುಸ್ತಕ ಅಚ್ಚು ಹಾಕುವ ಲೆವೆಲಿನ್ ಪ್ರಕಾಶನ ಇರೋದು ಅಲ್ಲೇ ಪಕ್ಕದ ವುಡ್‌ಬರಿಯಲ್ಲಿ. ಆಕೆ ಸೇರಿದ್ದು ಎ.ಡಿ.ಎಫ್. ಅನ್ನೋ ಡ್ರೂಯಿಡ್ ಸಂಘಕ್ಕೆ. 1983ರಲ್ಲಿ ಅದನ್ನು ಕಟ್ಟಿದವನು ಐಸಾಕ್ ಬೋನ್‌ವಿಟ್ಸ್. ಈ ಮಹಾಶಯ 1970ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಿಂದ ‘ಮ್ಯಾಜಿಕ್’ ವಿಷಯದಲ್ಲೇ ಬಿ.ಎ. ಪದವಿ ತಗೊಂಡವನು. ನಾನು ಬಿ.ಇ. ಮಾಡುವಾಗ ಇಂಥ ಬ್ರಾಂಚ್ ಇದೆ ಅಂತ ಯಾರೂ ಹೇಳಲಿಲ್ಲ.

ಆ ಸಂಘಕ್ಕೆ ಸೇರಿದವರಿಗೆ ಸುಮಾರು ಒಂದು ವರ್ಷದ ಅಭ್ಯಾಸವಿದೆ. ವರ್ಷದ ಎಂಟು ಹಬ್ಬ ಆಚರಿಸಬೇಕು, ಪುಸ್ತಕ ಓದಿ ಬರೆಯಬೇಕು, ಧ್ಯಾನ ಮಾಡಬೇಕು. ಮನೆಯಲ್ಲೊಂದು ಪೀಠ ಕಟ್ಟಿಕೊಂಡು ಅದರ ವರ್ಣನೆ, ಫೋಟೋ, ಮುಂದೆ ಏನೇನು ಸುಧಾರಣೆ ಮಾಡುತ್ತೀರಿ ಅನ್ನೋ ಯೋಜನೆ ಒಪ್ಪಿಸಬೇಕು. ಅದನ್ನು ಕೇಳಿ ನನಗೆ ನಗು ಬಂತು. ದೇವರ ಮನೆಗೂ ಬ್ಯಾಕ್‌ಲಾಗ್! ಜೊತೆಗೆ ಒಂಬತ್ತು ಸದ್ಗುಣಗಳ ಮೇಲೆ ಒಂದೊಂದು ಪುಟ್ಟ ಪ್ರಬಂಧ. ವಿವೇಕ, ಭಕ್ತಿ, ದೂರದೃಷ್ಟಿ, ಧೈರ್ಯ, ಪ್ರಾಮಾಣಿಕತೆ, ಛಲ, ಆತಿಥ್ಯ, ಮಿತ, ಕೊನೆಗೆ ಫಲವಂತಿಕೆ. ಫಲವಂತಿಕೆ ಅಂದರೆ ಮಕ್ಕಳು ಮರಿ ಮಾತ್ರವಲ್ಲ, ಏನನ್ನಾದರೂ ಹುಟ್ಟಿಸುವ, ಬೆಳೆಸುವ ಗುಣ.

ನವೆಂಬರ್ ಶುರುವಿನಲ್ಲಿ, ಅವರ ‘ಸಾವಿನ್’ ಹಬ್ಬದ ದಿನ, ಊಟಕ್ಕೆ ಕರೆದರು. ಹೋಗುವಾಗ ಕಪ್ಪು ಬಟ್ಟೆ, ತಲೆಬುರುಡೆ ಅಂತೆಲ್ಲ ಕಲ್ಪಿಸಿಕೊಂಡಿದ್ದೆ. ಇದ್ದದ್ದು ಐಕಿಯಾದ ಪುಸ್ತಕದ ಕಪಾಟಿನ ಒಂದು ಹಲಗೆ. ಅದರ ಮೇಲೆ ಮೇಣದ ಬತ್ತಿ, ಒಂದು ಬಟ್ಟಲು ನೀರು, ಒಂದು ಬರ್ಚ್ ಮರದ ಕೊಂಬೆ. ಬೆಂಕಿ, ಬಾವಿ, ಮರ. ಅವರ ಪೂಜೆಗೆ ಈ ಮೂರೇ ಮುಖ್ಯ. ಪಕ್ಕದಲ್ಲಿ ತೀರಿಹೋದವರ ಫೋಟೋಗಳು. ಹಿರಿಯರಿಗೆ ಅಂತ ಒಂದು ತಟ್ಟೆ ಬೇರೆ ಬಡಿಸಿ ಇಟ್ಟಿದ್ದರು. ಒಬ್ಬ ಅಜ್ಜನ ಮುಂದೆ ಸ್ವಲ್ಪ ವಿಸ್ಕಿ. ನನಗೆ ವಿವರಿಸೋಕೆ ಶುರು ಮಾಡಿದರು, “ಬೇಡ, ಗೊತ್ತು” ಅಂದೆ. ನಮ್ಮೂರಲ್ಲಿ ಮಹಾಲಯದ ಹೊತ್ತಿಗೆ ಹಿರೀಕರಿಗೆ ಎಡೆ ಇಡುವಾಗ ತಾತನಿಗೆ ಬೀಡಿ ಕಟ್ಟು, ಕಾಲು ಬಾಟಲಿ ಇಡುತ್ತಿದ್ದೆವು. ಇಷ್ಟು ದೂರ ಹಾರಿ ಬಂದು ಅದೇ ಎಡೆ.

ಅಷ್ಟರಲ್ಲಿ ಒಂದು ಫೋಟೋ ಕಣ್ಣಿಗೆ ಬಿತ್ತು. ಗಡ್ಡದ ಮನುಷ್ಯ, ಮಣ್ಣಿನ ಗೋಡೆಯ ಮನೆ ಮುಂದೆ ನಿಂತಿದ್ದಾನೆ. ಚೌಕಟ್ಟಿನ ಕೆಳಗೆ ಸಣ್ಣ ಚೀಟಿ, ಅದರ ಮೇಲೆ ಪೆನ್ನಿನಲ್ಲಿ ‘1851’ ಅಂತ ಬರೆದಿತ್ತು. ಹುಟ್ಟಿದ ವರ್ಷವಾ ಅಂತ ಕೇಳಿದೆ. ಅಲ್ಲವಂತೆ. ಅದು ಆಕೆಯ ಮುತ್ತಜ್ಜ, 1880ರ ದಶಕದಲ್ಲಿ ನಾರ್ವೆಯಿಂದ ಬಂದು ಹೋಮ್‌ಸ್ಟೆಡ್ ಕಾಯಿದೆಯ ಕೆಳಗೆ 160 ಎಕರೆ ಪಡೆದವನು. ಐದು ವರ್ಷ ಅಲ್ಲೇ ಇದ್ದು ಉತ್ತರೆ ಜಮೀನು ನಿನ್ನದು ಅಂತ 1862ರ ಆ ಕಾಯಿದೆ. ಆದರೆ ಅದಕ್ಕೂ ಮೊದಲು, 1851ರ ಒಪ್ಪಂದಗಳಲ್ಲಿ, ಆ ನೆಲವನ್ನು ಡಕೋಟಾ ಜನರಿಂದ ಸರ್ಕಾರ ತೆಗೆದುಕೊಂಡಿತ್ತು. ಕೊಡಬೇಕಾದ ಹಣ ಸರಿಯಾಗಿ ಮುಟ್ಟಲಿಲ್ಲ, ಹಸಿವು ಬಂತು, 1862ರಲ್ಲಿ ಯುದ್ಧವಾಯಿತು. ಆ ಡಿಸೆಂಬರ್ 26ರಂದು ಮ್ಯಾನ್‌ಕೇಟೋ ಊರಲ್ಲಿ 38 ಡಕೋಟಾ ಗಂಡಸರನ್ನು ಒಟ್ಟಿಗೇ ನೇಣಿಗೆ ಹಾಕಿದರು. ಮುಂದಿನ ವರ್ಷ ಆ ಜನರನ್ನೇ ಮಿನಸೋಟದಿಂದ ಓಡಿಸೋಕೆ ಕಾನೂನು ಬಂತು. ಮುತ್ತಜ್ಜ ಯಾರನ್ನೂ ಕೊಂದವನಲ್ಲ. ಖಾಲಿಯಾದ ಮೇಲೆ ಬಂದವನು.

“ಆತಿಥ್ಯದ ಮೇಲೆ ಬರೆಯುವಾಗ ಸಿಕ್ಕಿಹಾಕಿಕೊಂಡೆ” ಅಂದರು. ಆ ಮುತ್ತಜ್ಜನ ಬಗ್ಗೆ ಮನೆಯಲ್ಲಿ ಎಲ್ಲರೂ ಹೇಳೋದು ಒಂದೇ: ಹಿಮಪಾತದಲ್ಲಿ ದಾರಿ ತಪ್ಪಿ ಬಂದ ಯಾರನ್ನೂ ಅವನು ಬಾಗಿಲಿಂದ ವಾಪಸು ಕಳಿಸಲಿಲ್ಲ. ಪ್ರಬಂಧಕ್ಕೆ ಅದಕ್ಕಿಂತ ಒಳ್ಳೆ ಉದಾಹರಣೆ ಬೇಕಾ? ಬರೆಯುತ್ತಾ ಬರೆಯುತ್ತಾ, ಆ ಬಾಗಿಲು ಯಾರ ನೆಲದ ಮೇಲಿತ್ತು ಅನ್ನೋ ಪ್ರಶ್ನೆ ಬಂತು. ಫೋಟೋ ತೆಗೆದುಬಿಡೋಣ ಅನ್ನಿಸಿತಂತೆ. ತೆಗೆಯಲಿಲ್ಲ. ಚೀಟಿ ಇಟ್ಟರು.

ಆವತ್ತು ಊಟ ಮಾಡಿ ರೂಮಿಗೆ ಬಂದೆ. ನಿದ್ದೆ ಬರಲಿಲ್ಲ. ಯಾಕೆ ಅಂತ ಹೇಳೋ ಮುಂಚೆ ಆ ಒಂಬತ್ತರ ಪಟ್ಟಿಯ ಬಗ್ಗೆ ಇನ್ನೊಂದು ಮಾತು ಹೇಳಬೇಕು.

ಆ ಪಟ್ಟಿ ಸುಮ್ಮನೆ ಒಂಬತ್ತಲ್ಲ, ಮೂರು ಮೂರರ ಮೂರು ಗುಂಪು. ಫ್ರಾನ್ಸಿನ ವಿದ್ವಾಂಸ ಜಾರ್ಜ್ ಡ್ಯುಮೆಜಿಲ್ ಹಳೆಯ ಇಂಡೋ-ಯುರೋಪಿಯನ್ ಸಮಾಜಗಳಲ್ಲೆಲ್ಲ ಮೂರು ಕೆಲಸಗಳ ವಿಂಗಡಣೆ ಕಂಡ: ಪೂಜೆ, ಯುದ್ಧ, ಉತ್ಪಾದನೆ. ಬೋನ್‌ವಿಟ್ಸ್ ಅವನಿಂದ ಬಹಳ ತಗೊಂಡಿದ್ದಾನೆ. ವಿವೇಕ, ಭಕ್ತಿ, ದೂರದೃಷ್ಟಿ ಪುರೋಹಿತರವು. ಧೈರ್ಯ, ಪ್ರಾಮಾಣಿಕತೆ, ಛಲ ಯೋಧರವು. ಆತಿಥ್ಯ, ಮಿತ, ಫಲವಂತಿಕೆ ಬೆಳೆಯುವವರವು. ಇದನ್ನು ಕೇಳಿದ ಯಾವ ಭಾರತೀಯನಿಗೂ ಇದೆಲ್ಲಿಂದ ಬಂತು ಅಂತ ಹೇಳಿಕೊಡಬೇಕಾಗಿಲ್ಲ. ಡ್ಯುಮೆಜಿಲ್ ಎದುರಿಗಿದ್ದ ದೊಡ್ಡ ಉದಾಹರಣೆಗಳಲ್ಲಿ ನಮ್ಮ ವರ್ಣವೂ ಒಂದು. ಪಟ್ಟಿಯಲ್ಲಿ ನಾಲ್ಕನೆಯದಿಲ್ಲ. ಅಂದರೆ ನಮ್ಮ ಮನೆಗೆ ಜಾಗವಿಲ್ಲ. ಐದನೆಯವರ ಮಾತೇ ಬೇಡ. ಇದನ್ನು ಆಕೆಗೆ ಹೇಳಿದಾಗ, ಒಬ್ಬನೇ ಮನುಷ್ಯ ಒಂಬತ್ತನ್ನೂ ಕಲಿಯಬೇಕು, ಹುಟ್ಟಿಗೆ ಯಾವುದನ್ನೂ ಹಂಚಿಲ್ಲ ಅಂದರು. ನಿಜ. ಅವರ ಸಂಘದಲ್ಲಿ ಯಾರು ಬೇಕಾದರೂ ಸೇರಬಹುದು. ಉತ್ತರ ಯುರೋಪಿನ ದೇವರುಗಳನ್ನು ಪೂಜಿಸುವವರಲ್ಲೇ ಒಂದು ಗುಂಪು, ಆ ದೇವರು ಆ ರಕ್ತದವರಿಗೆ ಮಾತ್ರ ಅನ್ನುತ್ತದೆ. ಉಳಿದವರು ಅದಕ್ಕೆ ಜೋರಾಗಿ ವಿರೋಧ. ಪೀಠ ಕಟ್ಟಿದ ಕೂಡಲೇ, ಇದರ ಮುಂದೆ ಯಾರು ನಿಲ್ಲಬಹುದು ಅನ್ನೋ ಜಗಳ ಎಲ್ಲಾ ಕಡೆ ಶುರುವಾಗುತ್ತೆ ಅಂತ ಕಾಣುತ್ತೆ.

ಹಳೇ ರೋಮಿನಲ್ಲೂ ಇದು ಸರಳವಾಗಿರಲಿಲ್ಲ. ಪಾಂಪೆಯ ಮನೆಗಳಲ್ಲಿ ಸಿಕ್ಕಿರುವ ಮನೆದೇವರ ಗೂಡುಗಳು ಎಷ್ಟೋ ಅಡುಗೆಮನೆಯಲ್ಲೇ ಇವೆ. ಅಡುಗೆ ಮಾಡುತ್ತಿದ್ದವರು ಗುಲಾಮರು. ಬೇಸಾಯದ ಮೇಲೆ ಪುಸ್ತಕ ಬರೆದ ಕೇಟೋ, ತೋಟದ ಮನೆ ನೋಡಿಕೊಳ್ಳುವ ಗುಲಾಮ ಹೆಂಗಸು ತಿಂಗಳ ಇಂತಿಂಥ ದಿನ ಒಲೆಗೆ ಹೂಮಾಲೆ ಹಾಕಿ ಮನೆದೇವರನ್ನು ಬೇಡಿಕೊಳ್ಳಬೇಕು ಅಂತ ಬರೆದಿದ್ದಾನೆ. ಆದರೆ ಯಜಮಾನ ಹೇಳದೆ ಅವಳು ತಾನಾಗಿ ಪೂಜೆ ಗೀಜೆ ಮಾಡಕೂಡದು. ದೇವರ ಹತ್ತಿರ ಹೋಗಬಹುದು, ತನಗೋಸ್ಕರ ಏನೂ ಕೇಳುವಂತಿಲ್ಲ. ಮುಂದೆ ಕ್ರಿ.ಶ. 392ರಲ್ಲಿ ಚಕ್ರವರ್ತಿ ಥಿಯೋಡೋಸಿಯಸ್ ಹೆಸರಿನಲ್ಲಿ ಬಂದ ಶಾಸನ ಮನೆಯೊಳಗೆ ದೀಪ ಹಚ್ಚೋದು, ಧೂಪ ಹಾಕೋದು, ಮನೆದೇವರಿಗೆ ಹೂ ಕಟ್ಟೋದನ್ನೂ ನಿಷೇಧಿಸಿತು. ದೇವಸ್ಥಾನ ಮುಚ್ಚೋದು ಸುಲಭ, ಗೋಡೆಯ ಗೂಡು ಮುಚ್ಚೋದು ಕಷ್ಟ ಅಂತ ಚಕ್ರವರ್ತಿಗೂ ಗೊತ್ತಿತ್ತು.

ಈಗ ನಿದ್ದೆ ಬರದ ವಿಷಯ. ನಮ್ಮ ಅಜ್ಜಿಯ ಬಗ್ಗೆಯೂ ಮನೆಯಲ್ಲಿ ಎಲ್ಲರೂ ಹೇಳೋದು ಒಂದೇ. ಆಕೆ ಹಸಿದು ಬಂದವರನ್ನು ಬರಿಹೊಟ್ಟೇಲಿ ಕಳಿಸಿದವಳಲ್ಲ. ಮುದ್ದೆ ಇಲ್ಲದಿದ್ದರೆ ತನ್ನ ಪಾಲಿನದನ್ನು ಮುರಿದು ಕೊಡುತ್ತಿದ್ದಳು. ಇದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಒಂಬತ್ತರಲ್ಲಿ ಆತಿಥ್ಯದ ಪರೀಕ್ಷೆ ಇಟ್ಟರೆ ನೂರಕ್ಕೆ ನೂರು. ಆದರೆ ನಮ್ಮ ಗದ್ದೆಯಲ್ಲಿ ದುಡಿಯುತ್ತಿದ್ದ ಒಬ್ಬರಿದ್ದರು. ಅವರು ಕೊಟ್ಟಿಗೆ ಪಕ್ಕ ಕೂತು ಉಣ್ಣುತ್ತಿದ್ದರು. ಅವರ ಲೋಟ ಸೂರಿನ ಹೆಂಚಿನ ಕೆಳಗೆ ಸಿಕ್ಕಿಸಿರುತ್ತಿತ್ತು. ಕುಡಿಯುವಾಗ ತಾವೇ ತೆಗೆದುಕೊಂಡು, ಕುಡಿದು, ತಾವೇ ತೊಳೆದು ಮತ್ತೆ ಸಿಕ್ಕಿಸಬೇಕು. ಅಜ್ಜಿ ಮೇಲಿಂದ ಮಜ್ಜಿಗೆ ಹುಯ್ಯುತ್ತಿದ್ದಳು, ಧಾರಾಳವಾಗಿ. “ಇನ್ನೊಸಿ ಕುಡಿ” ಅಂತ ಬಲವಂತ ಬೇರೆ. ಆ ಲೋಟ ನನಗೆ ಎಟುಕುತ್ತಿರಲಿಲ್ಲ, ಹಾಗಾಗಿ ಅದರ ಮೇಲೆ ನನಗೆ ಆಸೆ ಇತ್ತು. ಒಂದು ಸಲ ಕೋಲಿಂದ ಬೀಳಿಸಿ ಅದರಲ್ಲಿ ನೀರು ಕುಡಿದಿದ್ದಕ್ಕೆ ಬೆನ್ನಿಗೆ ಬಿತ್ತು. ಹೊಡೆದವಳು ಅದೇ ಅಜ್ಜಿ.

ಹಾಗಾದರೆ ಅಜ್ಜಿಗೆ ಆತಿಥ್ಯದ ಗುಣ ಇತ್ತೋ ಇಲ್ಲವೋ?

ಅವರ ಕಾಲ ಹಾಗಿತ್ತು ಅನ್ನೋದು ಎಲ್ಲರ ಉತ್ತರ. ನನಗೆ ಅದರಲ್ಲಿ ಒಂದು ತಕರಾರು. ಹಾಗೆ ಅಂದರೆ ನನ್ನ ಕಾಲವೂ ಹೀಗಿದೆ ಅಂತ ನಾನೂ ತಪ್ಪಿಸಿಕೊಳ್ಳಬಹುದು. ಇನ್ನೊಂದು ಉತ್ತರ, ಅದು ಆತಿಥ್ಯವೇ ಅಲ್ಲ, ಬರೀ ಢೋಂಗಿ ಅನ್ನೋದು. ಬೆಂಗಳೂರಿನಲ್ಲಿ ಓದಿದ ಮೊದಲ ವರ್ಷಗಳಲ್ಲಿ ನಾನು ಹಾಗೇ ಅಂದುಕೊಂಡಿದ್ದೆ. ಆದರೆ ಮುರಿದು ಕೊಟ್ಟ ಮುದ್ದೆ ಸುಳ್ಳಲ್ಲವಲ್ಲ. ಅರಿಸ್ಟಾಟಲ್ ಹೇಳೋ ಪ್ರಕಾರ ಗುಣ ಅನ್ನೋದು ಮಾಡಿ ಮಾಡಿ ಬರುವಂಥದು, ವಾದ್ಯ ನುಡಿಸಿ ನುಡಿಸಿ ವಾದಕನಾದ ಹಾಗೆ. ಅಜ್ಜಿ ದಿನಾ ಕೊಟ್ಟು ಕೊಟ್ಟು ಕೊಡೋದನ್ನು ಕಲಿತಳು. ದಿನಾ ಲೋಟ ಬೇರೆ ಇಟ್ಟು ಇಟ್ಟು ಅದನ್ನೂ ಕಲಿತಳು. ಒಂದೇ ಕೈ, ಒಂದೇ ಹೊತ್ತಲ್ಲಿ ಎರಡೂ ಅಭ್ಯಾಸ. ಅರಿಸ್ಟಾಟಲನಿಗೇ ಗುಲಾಮಗಿರಿ ಸಹಜ ಅನ್ನಿಸಿತ್ತು ಅನ್ನೋದನ್ನೂ ಮರೆಯಬಾರದು.

ಪೇಗನ್ ಗೆಳತಿಯ ಸಂಘದಲ್ಲಿ ಆತಿಥ್ಯಕ್ಕೆ ಒಂದು ಬೇರು ಪದ ಹೇಳುತ್ತಾರೆ, ‘ಘೋಸ್ತಿ’. ಇಂಗ್ಲಿಷಿನ ಗೆಸ್ಟ್ ಮತ್ತು ಹೋಸ್ಟ್ ಎರಡೂ ಆ ಒಂದೇ ಹಳೇ ಬೇರಿನಿಂದ ಬಂದವು. ಕೊಡುವವನು, ತಗೊಳ್ಳುವವನು ಒಂದೇ ಸಂಬಂಧದ ಎರಡು ತುದಿ, ಇವತ್ತು ತಗೊಂಡವನು ನಾಳೆ ಕೊಡಬೇಕು. ಅವರ ಪೂಜೆಯೆಲ್ಲ ನಿಂತಿರೋದು ಇದರ ಮೇಲೆ: ದೇವರಿಗೆ, ಹಿರಿಯರಿಗೆ, ನೆಲಕ್ಕೆ ನಾವು ಕೊಡುತ್ತೇವೆ, ಅವರು ನಮಗೆ ಕೊಡುತ್ತಾರೆ. ಲ್ಯಾಟಿನ್ನಿನ ‘ಹೋಸ್ತಿಸ್’ ಕೂಡ ಇದೇ ಬೇರಿನದು. ಮೊದಲು ಅಪರಿಚಿತ ಅಂತಿದ್ದ ಅದರ ಅರ್ಥ ಆಮೇಲೆ ಶತ್ರು ಅಂತಾಯಿತು. ಅದು ಹೇಗೆ ಹಾಗಾಯಿತು ಅಂತ ಯೋಚಿಸಿದರೆ ಭಯವಾಗುತ್ತೆ.

ಈ ಲೆಕ್ಕ ಹಿಡಿದು ಕೂತರೆ ನನಗೆ ಕೊಟ್ಟವರು ಯಾರು? ಅಜ್ಜಿ, ಅಪ್ಪ, ಸರಿ. ಆದರೆ ನನ್ನ ಬಿ.ಇ. ಫೀಸು ಬಂದದ್ದು ಮೂರು ಎಕರೆ ಗದ್ದೆಯಿಂದ. ಆ ಗದ್ದೆ ಬೆಳೆದದ್ದು ಸೂರಿನ ಲೋಟದವರ ಬೆನ್ನ ಮೇಲೆ. ಅವರ ಮಕ್ಕಳಲ್ಲಿ ಯಾರೂ ಬಿ.ಇ. ಮಾಡಲಿಲ್ಲ. ಹಿರಿಯರ ಪೀಠ ಕಟ್ಟುವುದಾದರೆ ಅಲ್ಲಿ ಅವರ ಫೋಟೋ ಇರಬೇಕು. ಅವರ ಫೋಟೋನೇ ಇಲ್ಲ, ಯಾರೂ ತೆಗೆದಿಲ್ಲ. ನಮ್ಮ ಮನೆ ಮದುವೆಗಳ ಆಲ್ಬಮ್ಮುಗಳಲ್ಲಿ ಹುಡುಕಿದರೆ ಎಲ್ಲೋ ಚಪ್ಪರದ ಮೂಲೇಲಿ ಅರ್ಧ ಭುಜ ಸಿಗಬಹುದು.

ಅವ್ವನಿಗೆ ಫೋನ್ ಮಾಡಿದೆ. ಸೂರಲ್ಲಿ ಇದ್ದ ಲೋಟ ಏನಾಯ್ತು ಅಂತ ಕೇಳಿದೆ.

“ಯಾವ ಲೋಟ್ಲಾ?”

ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಹೆಂಚು ಕೀಳಿಸ್ದಾಗ ಎಲ್ಲೋ ಹೋಯ್ತು. ಅಲ್ಲಿ ಕುಂತ್ಕಂಡು ಅದ್ಯಾಕಪ್ಪಾ ಈಗ?” ಅಂದಳು. ಇನ್ನೇನು ಫೋನ್ ಇಡಬೇಕು, “ಅವುನು ನಿನ್ನ ಹೆಗಲ ಮೇಲೆ ಕುಂಡ್ರಿಸ್ಕಂಡು ಜಾತ್ರೆ ತೋರಿಸ್ಕಂಡ್ ಬಂದಿದ್ದ, ನೆಪ್ಪೈತಾ?” ಅಂದಳು. ನೆನಪಿರಲಿಲ್ಲ. ಅಂದರೆ ನಾನು ಅವರ ತಲೆ ಹಿಡಿದುಕೊಂಡು ಕೂತಿರಬಹುದಿತ್ತು, ಅವರ ಲೋಟ ಮುಟ್ಟೋ ಹಾಗಿರಲಿಲ್ಲ.

ಬೆಂಗಳೂರಿಗೆ ವಾಪಸು ಬಂದೆ. ನಮ್ಮ ಫ್ಲಾಟಿನಲ್ಲಿ ಬಿಲ್ಡರೇ ಮಾಡಿಕೊಟ್ಟ ಒಂದು ದೇವರ ಗೂಡಿದೆ. ಅದರಲ್ಲಿ ಪ್ಲಗ್ ಪಾಯಿಂಟ್ ಇದ್ದದ್ದರಿಂದ ನಾನು ವೈಫೈ ರೂಟರ್ ಇಟ್ಟಿದ್ದೆ. ಅದನ್ನು ತೆಗೆದು ಅಜ್ಜಿಯ ಫೋಟೋ ಇಟ್ಟೆ, ಒಂದು ದೀಪ, ಒಂದು ಸಣ್ಣ ಚೆಂಬಲ್ಲಿ ನೀರು. ನನಗೆ ದೇವರಲ್ಲಿ ನಂಬಿಕೆ ಇದೆಯಾ ಅಂದರೆ ಖಚಿತವಿಲ್ಲ. ಗೆಳತಿಯ ಸಂಘದಲ್ಲಿ ಅದನ್ನು ಅಷ್ಟು ಕೇಳುವುದಿಲ್ಲ, ಏನು ಮಾಡುತ್ತೀ ಅಂತ ಕೇಳುತ್ತಾರೆ. ಆ ಮಟ್ಟಿಗೆ ನನಗೆ ಅದು ಹಿಡಿಸಿತು. ಫೋಟೋ ಪಕ್ಕ ಚೀಟಿ ಇಡೋಣ ಅಂತ ಪೆನ್ನು ತಗೊಂಡೆ. 1851ರ ಥರ ನಮ್ಮದಕ್ಕೆ ಒಂದು ಇಸವಿ ಇಲ್ಲ. ಅವರ ಹೆಸರು ಬರೆದೆ.

ಹೆಂಡತಿ ಬಂದು ನೋಡಿ ಇದು ಯಾರು ಅಂದಳು. ಲೋಟದ ಕತೆ ಹೇಳಿದೆ. ಆಕೆ ಏನೂ ಹೇಳದೆ ಅಡುಗೆಮನೆಗೆ ಹೋಗಿ, ಸಿಂಕಿನ ಕಿಟಕಿಯ ಮೇಲಿದ್ದ ಹಳೇ ಸ್ಟೀಲ್ ಲೋಟ ತಂದು ನನ್ನ ಮುಂದೆ ಇಟ್ಟಳು. ಮನೆಕೆಲಸಕ್ಕೆ ಬರುವ ಅಕ್ಕ ಟೀ ಕುಡಿಯೋ ಲೋಟ. ನಾವಿಬ್ಬರೂ ಕೂತು ಹಾಗೆ ಮಾಡೋಣ ಅಂತ ಯಾವತ್ತೂ ತೀರ್ಮಾನಿಸಿದ್ದಲ್ಲ. ಯಾವಾಗ ಶುರುವಾಯಿತು ಅಂತ ನೆನಪು ಮಾಡಿಕೊಳ್ಳೋಕೆ ನೋಡಿದೆವು, ಇಬ್ಬರಿಗೂ ಆಗಲಿಲ್ಲ. ಇಲ್ಲಿ ಸೂರಿಲ್ಲ, ಕಿಟಕಿ ಇದೆ, ಅಷ್ಟೇ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅವರಿಗೆ ಲಿಫ್ಟೂ ಬೇರೆ. ಆ ನಿಯಮ ಓದಿ ಸಹಿ ಹಾಕಿದವರಲ್ಲಿ ನಾನೂ ಒಬ್ಬ.

ಮಾರನೇ ದಿನ ನಮ್ಮ ಕಪ್ಪಿನಲ್ಲೇ ಟೀ ಕೊಟ್ಟೆವು. ಅಕ್ಕ ಕಪ್ಪನ್ನೂ ನಮ್ಮ ಮುಖವನ್ನೂ ನೋಡಿದರು. “ನನ್ನ ಲೋಟ ಎಲ್ಲಿ ಸಾರ್, ಒಡೀತಾ?” ಅಂದರು. ಸ್ಟೀಲ್ ಲೋಟ ಹೇಗೆ ಒಡೆಯುತ್ತೆ! ಇದರಲ್ಲೇ ಕುಡೀರಿ ಅಕ್ಕ ಅಂದೆ. ನಿಂತುಕೊಂಡೇ, ಬೇಗ ಬೇಗ ಕುಡಿದರು. ಆಮೇಲೆ ಕಪ್ಪನ್ನು ಎರಡೆರಡು ಸಲ ತೊಳೆದು, ನಮ್ಮ ಉಳಿದ ಕಪ್ಪುಗಳ ಜೊತೆ ಇಡದೆ, ಕಿಟಕಿಯ ಮೇಲೆ ಬೋರಲು ಹಾಕಿ ಹೋದರು.